ಹಳ್ಳದ ಗುಂಟ ನಡೆದು ನಕ್ಷೆ ಬರೆದೆ

ಸಣ್ಣದೊಂದು ಹಳ್ಳದ ನಕ್ಷೆ ಬರೆಯಲು ಹೊರಟಾಗ ನನ್ನ ಹತ್ತಿರ ಇದ್ದದ್ದು 1:50,000 ಅಳತೆಯ ನಕ್ಷೆ. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಎರಡು ಮೀಟರ್ ಅಗಲದ ಹಳ್ಳ ಅಲ್ಲಿ ಬರೀ ನೀಲಿ ಗೆರೆ, ಸಣ್ಣ ತಿರುವುಗಳೆಲ್ಲ ಮಾಯ. ನಡೆಯದೆ ವಿಧಿಯಿರಲಿಲ್ಲ.

ಹಳ್ಳ ಹೊಳೆ ಸೇರುವ ಜಾಗದಿಂದ ಮೇಲಕ್ಕೆ ನಡೆದೆ. ಮೇಲಿಂದ ಇಳಿದರೆ ಪೊದೆಗಳ ನಡುವೆ ಬಂದು ಸೇರುವ ಕವಲು ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ದಿನ ಐವತ್ತು ಹೆಜ್ಜೆಗೊಂದು ಜಿಪಿಎಸ್ ಗುರುತು ಹಾಕಿದೆ. ಮನೆಗೆ ಬಂದು ನೋಡಿದರೆ ತಿರುವುಗಳೆಲ್ಲ ಕತ್ತರಿಸಿದ ಹಾಗೆ ನೇರ! ಮತ್ತೆ ಹೋಗಿ ಹತ್ತು ಹೆಜ್ಜೆಗೊಂದು ಹಾಕಿದೆ. ಹಳ್ಳದ ಉದ್ದ 3.8 ಕಿಲೋಮೀಟರ್ ಬಂತು, ತುದಿಯಿಂದ ತುದಿಗೆ ನೇರ ದೂರ 2.4. ಭಾಗಿಸಿದರೆ 1.58. ಇದು 1.5 ದಾಟಿದರೆ ಚೆನ್ನಾಗಿ ಅಂಕುಡೊಂಕಾಗಿ ಹರಿಯುತ್ತಿದೆ ಅಂತ ಲೆಕ್ಕ.

ತಿರುವಿನ ಹೊರದಂಡೆ ಕಡಿದಾಗಿತ್ತು, ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಅಲ್ಲಿ ನೀರು ಜೋರು, ಮಣ್ಣು ಕೊರೆಯುತ್ತದೆ. ಎದುರಿನ ಒಳದಂಡೆಯಲ್ಲಿ ನಿಧಾನ, ಅದಕ್ಕೇ ಮರಳು ಕೂರುತ್ತದೆ. ಅಳತೆಗೆ ತಂದ ಕೋಲು ಆ ಮರಳಲ್ಲಿ ಸುಮ್ನೆ ಒತ್ತಿದರೂ ಗೇಣುದ್ದ ಇಳಿಯಿತು.

ನನಗೆ ಜಾಸ್ತಿ ಇಷ್ಟವಾದ ಕೆಲಸ ನೀರು ಅಳೆಯುವುದು. ತಿರುವಿಲ್ಲದ ಹತ್ತು ಮೀಟರ್ ಜಾಗ ಹುಡುಕಿ ಒಣ ಎಲೆ ಬಿಟ್ಟೆ. ಗಾಳಿ ಅದನ್ನು ದಡಕ್ಕೆ ತಳ್ಳಿತು. ಆಮೇಲೆ ಕಿತ್ತಳೆ ಹಣ್ಣು ಬಿಟ್ಟೆ. ಅದು ಬಹುಪಾಲು ಮುಳುಗಿಯೇ ತೇಲುತ್ತದೆ, ಗಾಳಿಗೆ ಸಿಗುವುದಿಲ್ಲ. ಐದು ಸಲ ಬಿಟ್ಟೆ, ಸರಾಸರಿ 25 ಸೆಕೆಂಡ್. ಅಂದರೆ ಸೆಕೆಂಡಿಗೆ 0.4 ಮೀಟರ್. ಅಗಲ 2 ಮೀಟರ್, ಸರಾಸರಿ ಆಳ 0.25. ಮೂರನ್ನೂ ಗುಣಿಸಿದರೆ 0.2 ಘನ ಮೀಟರ್, ಅಂದರೆ ಸೆಕೆಂಡಿಗೆ 200 ಲೀಟರ್. ಖುಷಿಯಲ್ಲಿ ಅದನ್ನೇ ಬರೆದುಕೊಂಡುಬಿಟ್ಟೆ. ಆದರೆ ಮೇಲ್ಮೈಯಷ್ಟು ವೇಗ ತಳದಲ್ಲಿ ಇರುವುದಿಲ್ಲ, ಅಲ್ವಾ? ಕಲ್ಲು ಮಣ್ಣು ನೀರನ್ನು ತಡೆಯುತ್ತವೆ. ಅದಕ್ಕೆ 0.85ರಿಂದ ಗುಣಿಸಬೇಕು. ಸರಿಯಾದ ಉತ್ತರ ಸುಮಾರು 170 ಲೀಟರ್.

ಹಳ್ಳ ಹುಟ್ಟುವ ಜಾಗವೇ ಸತಾಯಿಸಿದ್ದು. ನೀಲಿ ಗೆರೆ ಮುಗಿದ ಮೇಲೂ ಮುನ್ನೂರು ಮೀಟರ್ ನಡೆದೆ. ಚಿಲುಮೆ ಗಿಲುಮೆ ಏನೂ ಇರಲಿಲ್ಲ. ಹುಲ್ಲಿನ ನಡುವೆ ಕಾಲಿಟ್ಟರೆ ಪಚಪಚ ಅನ್ನುವ ನೆಲ, ಅಷ್ಟೇ. ಬೇಸಿಗೆಯಲ್ಲಿ ಮತ್ತೆ ಹೋದಾಗ ಅದೂ ಒಣಗಿತ್ತು. ನೀರು ಕಾಣಿಸಿದ್ದು ಅಲ್ಲಿಂದ ನಾನ್ನೂರು ಮೀಟರ್ ಕೆಳಗೆ, ಒಂದು ಬಂಡೆಯ ಬುಡದಲ್ಲಿ. ಹಾಗಾಗಿ ನನ್ನ ನಕ್ಷೆಯಲ್ಲಿ ಈ ಹಳ್ಳಕ್ಕೆ ಎರಡು ತಲೆ. ಎರಡರ ಪಕ್ಕದಲ್ಲೂ ತಿಂಗಳು ಬರೆದಿಟ್ಟಿದ್ದೇನೆ.