ಕೊಳ್ಳೇಗಾಲ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ನಾನು ಬರೆದ ಬಗೆ

ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರದ 1952ರಿಂದ 2023ರವರೆಗಿನ ಫಲಿತಾಂಶಗಳನ್ನು ಒಂದು ಕೋಷ್ಟಕಕ್ಕೆ ಇಳಿಸುವುದು ಎರಡು ಭಾನುವಾರಗಳ ಕೆಲಸ ಎಂದುಕೊಂಡು ಕುಳಿತಿದ್ದೆ. ಭಾರತ ಚುನಾವಣಾ ಆಯೋಗವು ಪ್ರತಿ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿಯನ್ನು ಪ್ರಕಟಿಸುತ್ತದೆ. ಅವುಗಳಲ್ಲಿ ಕ್ಷೇತ್ರದ ಹೆಸರನ್ನು ಹುಡುಕಿ, ಗೆದ್ದವರು, ಸೋತವರು, ಪಡೆದ ಮತ, ಅಂತರ ಎಂದು ಬರೆದುಕೊಂಡು ಹೋದರಾಯಿತು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಮೊದಲ ಸಾಲಿನಲ್ಲೇ ಅದು ಕೈಕೊಟ್ಟಿತು. 1952ರ ಮೈಸೂರು ವಿಧಾನಸಭೆಯ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ತಿರುವಿ ಹಾಕಿದರೂ ಕೊಳ್ಳೇಗಾಲ ಸಿಗಲಿಲ್ಲ. ಪ್ರತಿಯಲ್ಲಿ ಪುಟವೇ ಬಿಟ್ಟುಹೋಗಿರಬೇಕೆಂದು ತಿಳಿದು, ಆ ಸಾಲಿನಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು ಮುಂದಕ್ಕೆ ಹೋದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ, ಏಕೆಂದರೆ ಮಾಹಿತಿ ಇತ್ತು. ನಾನು ಹುಡುಕಿದ ರಾಜ್ಯ ತಪ್ಪಾಗಿತ್ತು.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿನ ಜನ 1952ರಲ್ಲಿ ಮತ ಹಾಕಿದ್ದು 375 ಸದಸ್ಯರ ಮದರಾಸು ವಿಧಾನಸಭೆಗೆ. ಆದರೆ ಇಂದು ಇದೇ ಕ್ಷೇತ್ರದೊಳಗಿರುವ ಯಳಂದೂರು ಆಗಲೂ ಮೈಸೂರು ರಾಜ್ಯದಲ್ಲೇ ಇತ್ತು. ಅಲ್ಲಿನ ಮತದಾರರು 99 ಸದಸ್ಯರ ಮೈಸೂರು ವಿಧಾನಸಭೆಗೆ ತಮ್ಮ ಪ್ರತಿನಿಧಿಯನ್ನು ಕಳುಹಿಸಿದರು. ಅಂದರೆ, ಇಂದು ಒಂದೇ ಕ್ಷೇತ್ರದಲ್ಲಿ ಒಂದೇ ದಿನ ಸಾಲುಗಟ್ಟಿ ನಿಲ್ಲುವ ಊರುಗಳ ಹಿರಿಯರು, ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ಬೇರೆ ಬೇರೆ ರಾಜ್ಯಗಳ ಸರ್ಕಾರಗಳನ್ನು ಆರಿಸಿದ್ದರು: ಒಂದರ ಮುಖ್ಯಮಂತ್ರಿ ರಾಜಾಜಿ, ಇನ್ನೊಂದರ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಇದು ಹೊಳೆದ ಮೇಲೆ ನನ್ನ ಕೋಷ್ಟಕದ ಸ್ವರೂಪವೇ ಬದಲಾಯಿತು. ಕ್ಷೇತ್ರದ ಹೆಸರನ್ನು ಹಿಡಿದು ಹಿಂದಕ್ಕೆ ಹೋಗುವುದೋ, ಕ್ಷೇತ್ರದ ಊರುಗಳನ್ನು ಹಿಡಿದು ಹಿಂದಕ್ಕೆ ಹೋಗುವುದೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದಿತ್ತು. ನಾನು ಊರುಗಳನ್ನು ಆರಿಸಿಕೊಂಡೆ, ಹೆಸರನ್ನು ಪಕ್ಕದ ಕಾಲಂನಲ್ಲಿ ಉಳಿಸಿಕೊಂಡೆ.

ಊರುಗಳನ್ನು ಹಿಡಿದು ಹೋಗಲು ಬೇಕಾದದ್ದು ಕ್ಷೇತ್ರ ಪುನರ್ವಿಂಗಡಣೆಯ ಆದೇಶಗಳು. ಫಲಿತಾಂಶದ ವರದಿಗಳಷ್ಟು ಸುಲಭವಾಗಿ ಓದಿಸಿಕೊಳ್ಳುವ ಬರಹ ಅದಲ್ಲ. ಇಂಥ ತಾಲ್ಲೂಕು, ಅದರಲ್ಲಿ ಇಂಥ ಹೋಬಳಿ, ಅದರಲ್ಲೂ ಇಂಥ ವೃತ್ತಗಳನ್ನು ಬಿಟ್ಟು ಉಳಿದದ್ದು ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಓದುತ್ತಾ ಹೋದಂತೆ ಹದಿನಾರು ಸಾರ್ವತ್ರಿಕ ಚುನಾವಣೆಗಳು ಆರು ಗುಂಪುಗಳಾಗಿ ಬೇರ್ಪಟ್ಟವು. 1952 ಒಂದು ಗುಂಪು. ರಾಜ್ಯಗಳ ಪುನರ್ವಿಂಗಡಣೆಯಾಗಿ ಮೈಸೂರು ವಿಧಾನಸಭೆಯ ಸ್ಥಾನಗಳು 208ಕ್ಕೆ ಏರಿದ 1957 ಇನ್ನೊಂದು. ದ್ವಿಸದಸ್ಯ ಕ್ಷೇತ್ರಗಳು ರದ್ದಾದ ನಂತರದ 1962 ಮತ್ತೊಂದು. 216 ಸ್ಥಾನಗಳ 1967 ಮತ್ತು 1972 ಜೊತೆಯಾಗಿ ಒಂದು. 224 ಸ್ಥಾನಗಳ ಲೆಕ್ಕ ಶುರುವಾದ 1978ರಿಂದ 2004ರವರೆಗಿನ ಏಳು ಚುನಾವಣೆಗಳು ಒಂದು. 2001ರ ಜನಗಣತಿಯ ಆಧಾರದ ಮೇಲೆ ಗಡಿ ಬದಲಾದ 2008ರಿಂದ ಇಲ್ಲಿಯವರೆಗಿನ ನಾಲ್ಕು ಚುನಾವಣೆಗಳು ಕೊನೆಯದು. ಒಂದು ಗುಂಪಿನೊಳಗೆ ಮತ ಪ್ರಮಾಣದ ಏರಿಳಿತವನ್ನು ಹೋಲಿಸಬಹುದು. ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ ಹೋಲಿಸಿದರೆ, ಹೋಲಿಸುತ್ತಿರುವುದು ಬೇರೆ ಬೇರೆ ಜನಸಮೂಹಗಳನ್ನು. ಕೋಷ್ಟಕದಲ್ಲಿ ಈ ಗುಂಪುಗಳ ನಡುವೆ ದಪ್ಪ ಗೆರೆ ಎಳೆದುಕೊಂಡೆ. ಆ ಗೆರೆಯ ಆಚೆಗೂ ಈಚೆಗೂ ಕೂಡಿ ಕಳೆಯುವುದಿಲ್ಲ ಎಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ ಅದು.

ಆ ಕಟ್ಟಳೆ ಹುಟ್ಟಿದ್ದು ನನ್ನದೇ ಇನ್ನೊಂದು ತಪ್ಪಿನಿಂದ. ಮೊದಲ ಕರಡಿನಲ್ಲಿ ನಾನು ಆರ್. ಧ್ರುವನಾರಾಯಣ ಅವರು ‘2004 ಮತ್ತು 2008ರಲ್ಲಿ ಸತತವಾಗಿ ಕ್ಷೇತ್ರವನ್ನು ಉಳಿಸಿಕೊಂಡರು’ ಎಂದು ಬರೆದಿದ್ದೆ. ಎರಡೂ ಸಲ ಅವರು ಕಾಂಗ್ರೆಸ್‌ನಿಂದ ಗೆದ್ದದ್ದು ನಿಜ. ಆದರೆ 2004ರಲ್ಲಿ ಗೆದ್ದದ್ದು ಸಂತೇಮರಹಳ್ಳಿಯಿಂದ, 2008ರಲ್ಲಿ ಗೆದ್ದದ್ದು ಕೊಳ್ಳೇಗಾಲದಿಂದ. ನಡುವೆ ಆದದ್ದು ಇಷ್ಟು: ಚಾಮರಾಜನಗರ ಜಿಲ್ಲೆಯಲ್ಲಿದ್ದ ಸಂತೇಮರಹಳ್ಳಿ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ರದ್ದಾಗಿ, ಯಳಂದೂರು ತಾಲ್ಲೂಕೂ ಸಂತೇಮರಹಳ್ಳಿಯ ಸುತ್ತಲಿನ ಭಾಗವೂ ಕೊಳ್ಳೇಗಾಲಕ್ಕೆ ಬಂದವು. ಅದಕ್ಕೂ ಮುಂಚೆ ಕೊಳ್ಳೇಗಾಲವೂ ಸಂತೇಮರಹಳ್ಳಿಯೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳೇ. ಎರಡರ ಭಾಗಗಳು ಸೇರಿ ಒಂದು ಮೀಸಲು ಕ್ಷೇತ್ರ ಉಳಿಯಿತು. (ರಾಜ್ಯಮಟ್ಟದಲ್ಲಿ ಅದೇ ಆದೇಶದಿಂದ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೂ, ಪರಿಶಿಷ್ಟ ಪಂಗಡದವು 2ರಿಂದ 15ಕ್ಕೂ ಏರಿದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಇಲ್ಲಿ ಒಂದು ಕಡಿಮೆಯಾದದ್ದು ವಿಚಿತ್ರವಾಗಿ ಕಾಣುತ್ತದೆ.) ಹೀಗಾಗಿ 2004ರ ಸಾಲಿನಲ್ಲಿ ನಾನು ಎರಡು ಫಲಿತಾಂಶಗಳನ್ನೂ ಒಂದರ ಕೆಳಗೆ ಒಂದು ಬರೆಯಬೇಕಾಯಿತು.

ಅಲ್ಲಿಗೆ ಬಂದಾಗ ಆ ಪ್ರಸಿದ್ಧ ಅಂಕಿ ಎದುರಾಯಿತು. ಸಂತೇಮರಹಳ್ಳಿ, 2004: ಧ್ರುವನಾರಾಯಣ 40,752, ಜನತಾದಳ (ಜಾತ್ಯತೀತ)ದ ಎ.ಆರ್. ಕೃಷ್ಣಮೂರ್ತಿ 40,751. ಅಂತರ ಒಂದು ಮತ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದು ಮತದಿಂದ ಸೋತಾಗ ದೇಶದ ಪತ್ರಿಕೆಗಳೆಲ್ಲ ಬೆರಗಾದವು. ಕರ್ನಾಟಕದವರಿಗೆ ಅದು ಹಳೆಯ ಸುದ್ದಿಯಾಗಿತ್ತು. ಕೃಷ್ಣಮೂರ್ತಿಯವರ ಕಾರಿನ ಚಾಲಕ ಅಂದು ಕೆಲಸದ ಮೇಲಿದ್ದುದರಿಂದ ಮತ ಹಾಕಲಾಗಲಿಲ್ಲ ಎಂಬ ಕಥೆ ಆಗಿನಿಂದಲೂ ಪ್ರಚಾರದಲ್ಲಿದೆ. ನಾನು ಅದನ್ನು ಕೋಷ್ಟಕದೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಒಂದು ಮತದ ಅಂತರವಿದ್ದಲ್ಲಿ ಮತಗಟ್ಟೆಗೆ ಬಾರದ ಸಾವಿರಾರು ಜನರಲ್ಲಿ ಯಾರೊಬ್ಬರನ್ನು ಬೇಕಾದರೂ ‘ಆ ಒಬ್ಬ’ ಎಂದು ತೋರಿಸಬಹುದು. ಚಾಲಕನನ್ನೇ ಆರಿಸಿಕೊಳ್ಳುವುದು ಕಥೆಗೆ ಚೆಂದ, ಲೆಕ್ಕಕ್ಕೆ ಅಲ್ಲ. ಲೆಕ್ಕ ಬೇಕಾದವರು ನೋಡಬೇಕಾದದ್ದು ನಮೂನೆ 20ನ್ನು. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದನ್ನು ಚುನಾವಣಾಧಿಕಾರಿ ಸಹಿ ಮಾಡಿ ಕೊಡುವ ಅಂತಿಮ ಫಲಿತಾಂಶ ಪಟ್ಟಿ ಅದು. ಊರುಗಳನ್ನು ಹಿಡಿದು ಹೋಗಬೇಕೆಂಬ ನನ್ನ ಹಟಕ್ಕೆ ನಿಜವಾದ ಆಧಾರ ಸಿಗುವುದು ಈ ನಮೂನೆಯಲ್ಲೇ, ಏಕೆಂದರೆ ಮತಗಟ್ಟೆಯ ಹೆಸರಿನಲ್ಲಿ ಊರಿನ ಹೆಸರಿರುತ್ತದೆ. ಅಂಚೆ ಮತಗಳು ಮಾತ್ರ ಯಾವ ಊರಿಗೂ ಸೇರದೆ ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕವಾಗಿ ನಿಂತಿರುತ್ತವೆ.

ಹಳೆಯ ವರದಿಗಳ ಕಷ್ಟ ಬೇರೆ ಬಗೆಯದು. 1952 ಮತ್ತು 1957ರಲ್ಲಿ ರಾಜ್ಯದ ಹಲವು ಕಡೆ ದ್ವಿಸದಸ್ಯ ಕ್ಷೇತ್ರಗಳಿದ್ದವು: ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು ಸ್ಥಾನ, ಪ್ರತಿ ಮತದಾರನಿಗೆ ಎರಡು ಮತ, ಎರಡನ್ನೂ ಒಬ್ಬನಿಗೇ ಕೊಡುವಂತಿಲ್ಲ. ಆದ್ದರಿಂದ ಅಲ್ಲಿ ಸಿಂಧು ಮತಗಳ ಮೊತ್ತವು ಮತಗಟ್ಟೆಗೆ ಬಂದವರ ಸಂಖ್ಯೆಯನ್ನು ಸುಲಭವಾಗಿ ಮೀರುತ್ತದೆ, ಮತ್ತು ಆ ಮೊತ್ತದಿಂದ ಭಾಗಿಸಿ ತೆಗೆದ ಶೇಕಡಾ ಪ್ರಮಾಣವನ್ನು 1962ರ ನಂತರದ ಶೇಕಡಾ ಪ್ರಮಾಣದ ಪಕ್ಕದಲ್ಲಿಟ್ಟರೆ ಓದುಗ ಮೋಸ ಹೋಗುತ್ತಾನೆ. ಸಾಮಾನ್ಯ ಸ್ಥಾನವೆಂದರೆ ಮೀಸಲು ವರ್ಗದವರಿಗೆ ಮುಚ್ಚಿದ ಬಾಗಿಲೇನೂ ಆಗಿರಲಿಲ್ಲ. 1957ರ ಲೋಕಸಭಾ ಚುನಾವಣೆಯಲ್ಲಿ ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದ ಎರಡೂ ಸ್ಥಾನಗಳನ್ನು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಗೆದ್ದು ವಿ.ವಿ. ಗಿರಿ ಸೋತರು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲೂ ಅವರಿಗೆ ಸೋಲಾಯಿತು. ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದು 1961ರಲ್ಲಿ. ಇಂಥ ಕ್ಷೇತ್ರಗಳಿಗೆ ನಾನು ಅಂತರದ ಕಾಲಂನಲ್ಲಿ ಗೆರೆ ಎಳೆದು, ಪಡೆದ ಮತಗಳನ್ನಷ್ಟೇ ಬರೆಯುವ ಕ್ರಮ ಇಟ್ಟುಕೊಂಡಿದ್ದೇನೆ.

ಪಕ್ಷದ ಕಾಲಂ ಸುಲಭವೆಂದು ಅನ್ನಿಸುತ್ತದೆ. 1978ರ ವರದಿಯನ್ನು ತೆರೆಯುವವರೆಗೆ ನನಗೂ ಹಾಗೆ ಅನ್ನಿಸಿತ್ತು. ಆ ವರ್ಷ ದೇವರಾಜ ಅರಸರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂದದ್ದು ಇಂದಿರಾ ಕಾಂಗ್ರೆಸ್. ಬರೀ ‘ಕಾಂಗ್ರೆಸ್’ ಎಂದು ಅಚ್ಚಾಗಿರುವುದು ಅದರಿಂದ ಸೋತ ಬಣ. ಅವಸರದಲ್ಲಿ ಓದಿದರೆ ಗೆದ್ದವರನ್ನು ಸೋತವರನ್ನಾಗಿ ಮಾಡಿಬಿಡುತ್ತೇವೆ. ಎತ್ತಿನ ಜೋಡಿ, ಹಸು-ಕರು, ಕೈ ಎಂದು ಗುರುತುಗಳು ಬದಲಾದ ಕಾಲಕ್ರಮವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡದ್ದರಿಂದ ನಾನು ಹಲವು ಕಡೆ ಎಡವುವುದು ತಪ್ಪಿತು. ಜನತಾ ಪಕ್ಷ, ಜನತಾದಳ, ಅದರಿಂದ ಒಡೆದ ದಳಗಳನ್ನು ಒಂದೇ ಬಣ್ಣದಲ್ಲಿ ತೋರಿಸುವ ಕೋಷ್ಟಕಗಳನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ವರದಿಯಲ್ಲಿರುವ ಹೆಸರನ್ನೇ ಬರೆಯಬೇಕು.

ಅಭ್ಯರ್ಥಿಯ ಜಾಡು ಹಿಡಿದರೆ ಪಕ್ಷದ ಕಾಲಂ ಮುಚ್ಚಿಡುವ ಸಂಗತಿಗಳು ತೆರೆದುಕೊಳ್ಳುತ್ತವೆ. ಎನ್. ಮಹೇಶ್ ಹಿಂದೆ ಸ್ಪರ್ಧಿಸಿ ಸೋತಿದ್ದವರು. 2018ರಲ್ಲಿ ಬಹುಜನ ಸಮಾಜ ಪಕ್ಷದಿಂದ ಗೆದ್ದು, ಆ ವಿಧಾನಸಭೆಯಲ್ಲಿ ಪಕ್ಷದ ಏಕೈಕ ಸದಸ್ಯರಾದರು. ಅದಕ್ಕೆ ಮುಂಚೆ ಆ ಪಕ್ಷಕ್ಕೆ ಕರ್ನಾಟಕದಲ್ಲಿ 1994ರಲ್ಲಿ ಬೀದರ್ ಸಿಕ್ಕಿತ್ತು. 2018ರಲ್ಲಿ ಎರಡನೆಯ ಸ್ಥಾನದಲ್ಲಿದ್ದವರು, 2004ರಲ್ಲಿ ಒಂದು ಮತದಿಂದ ಸೋತಿದ್ದ ಅದೇ ಕೃಷ್ಣಮೂರ್ತಿ, ಈ ಸಲ ಕಾಂಗ್ರೆಸ್ಸಿನಿಂದ. ಮಹೇಶ್ 2019ರಲ್ಲಿ ಪಕ್ಷದಿಂದ ಉಚ್ಚಾಟಿತರಾಗಿ, 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಇಬ್ಬರೂ ಮತ್ತೆ ಎದುರಾದಾಗ ಕೃಷ್ಣಮೂರ್ತಿ ಗೆದ್ದದ್ದು 59,519 ಮತಗಳ ಅಂತರದಿಂದ. ಪಕ್ಷದ ಕಾಲಂ ಒಂದನ್ನೇ ನೋಡಿದವರಿಗೆ ಇಲ್ಲಿ ಬಿಎಸ್‌ಪಿಯಿಂದ ಕಾಂಗ್ರೆಸ್ಸಿಗೆ ಕ್ಷೇತ್ರ ಹೋಯಿತು ಎಂದಷ್ಟೇ ಕಾಣುತ್ತದೆ. ಇಬ್ಬರ ಹೆಸರುಗಳನ್ನು 2004ರಿಂದ ಹಿಂಬಾಲಿಸಿದವರಿಗೆ, ರದ್ದಾದ ಸಂತೇಮರಹಳ್ಳಿಯ ರಾಜಕೀಯ ಕೊಳ್ಳೇಗಾಲದ ಹೆಸರಿನಲ್ಲಿ ಮುಂದುವರಿದಿರುವುದು ಕಾಣುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಚರಿತ್ರೆಯ ತಿರುಳೇ ಅದು.

ಉಪಚುನಾವಣೆಗಳ ವಿಷಯದಲ್ಲೂ ಎಡವಿದ್ದೇನೆ. ಸಾರ್ವತ್ರಿಕ ಚುನಾವಣೆಯ ವರದಿಗಳನ್ನಷ್ಟೇ ನೆಚ್ಚಿಕೊಂಡವರಿಗೆ ಧ್ರುವನಾರಾಯಣ 2013ರವರೆಗೂ ಶಾಸಕರಾಗಿದ್ದಂತೆ ತೋರುತ್ತದೆ. ಅವರು 2009ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾಗಿ ಶಾಸಕ ಸ್ಥಾನ ಬಿಟ್ಟುಕೊಟ್ಟರು, ಅದೇ ವರ್ಷ ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕ್ಷೇತ್ರ ಬಿಜೆಪಿಯ ಪಾಲಾಯಿತು, 2013ರಲ್ಲಿ ಎಸ್. ಜಯಣ್ಣ ಅದನ್ನು ಕಾಂಗ್ರೆಸ್ಸಿಗೆ ಮರಳಿ ತಂದರು. ಈಗ ನಾನು ಪ್ರತಿ ವಿಧಾನಸಭೆಯ ಅವಧಿಯ ಕೊನೆಯಲ್ಲಿದ್ದ ಸದಸ್ಯರ ಪಟ್ಟಿಯನ್ನು ಗೆದ್ದವರ ಪಟ್ಟಿಯೊಂದಿಗೆ ತಾಳೆ ನೋಡುತ್ತೇನೆ. ಹೆಸರು ಬೇರೆಯಾದಲ್ಲಿ ಉಪಚುನಾವಣೆ ನಡೆದಿದೆ ಎಂದು ಅರ್ಥ.

ಸಣ್ಣಪುಟ್ಟ ಎಚ್ಚರಿಕೆಗಳು ಇನ್ನೂ ಕೆಲವಿವೆ. ಮತದಾರರ ಸಂಖ್ಯೆ 1989ರಲ್ಲಿ ದಿಢೀರನೆ ಏರಿರುವುದನ್ನು ಕಂಡು ನಾನು ಮುದ್ರಣದೋಷವೆಂದು ಶಂಕಿಸಿದ್ದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಆ ವರ್ಷವೇ. 2004ರಲ್ಲಿ ಮತಯಂತ್ರಗಳು ಎಲ್ಲೆಡೆ ಬಂದ ಮೇಲೆ ತಿರಸ್ಕೃತ ಮತಗಳ ಕಾಲಂ ಹೆಚ್ಚುಕಡಿಮೆ ಬರಿದಾಗುತ್ತದೆ. ನೋಟಾ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಮೊದಲು ಕಾಣಿಸುವುದು 2018ರಲ್ಲಿ, ಏಕೆಂದರೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ನಮ್ಮ ಚುನಾವಣೆ ಮುಗಿದದ್ದು ಆ ಮೇ ತಿಂಗಳಲ್ಲಿ. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೆಯ ಒಂದು ಭಾಗವನ್ನು ಲೆಕ್ಕ ಹಾಕುವಾಗ ನೋಟಾ ಮತಗಳನ್ನು ಸಿಂಧು ಮತಗಳೊಳಗೆ ಸೇರಿಸಬಾರದು. ಸೇರಿಸಿದರೆ ಠೇವಣಿ ಉಳಿಸಿಕೊಂಡವರನ್ನೂ ಕಳೆದುಕೊಂಡವರ ಸಾಲಿಗೆ ತಳ್ಳುವ ಅಪಾಯವಿದೆ. ಜಿಲ್ಲೆಯ ಹೆಸರನ್ನು ನೆಚ್ಚಿ ಕ್ಷೇತ್ರವನ್ನು ಹುಡುಕುವುದೂ ಬೇಡ: ಕೊಳ್ಳೇಗಾಲ ಮೊದಲು ಕೊಯಮತ್ತೂರಿನಲ್ಲಿ, ಆಮೇಲೆ ಮೈಸೂರಿನಲ್ಲಿ, 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಚಾಮರಾಜನಗರದಲ್ಲಿ ಸಿಗುತ್ತದೆ.

ಸದ್ಯಕ್ಕೆ ನನ್ನ ಬಳಿ ಎರಡು ಹಾಳೆಗಳಿವೆ. ಒಂದರಲ್ಲಿ ಫಲಿತಾಂಶಗಳು, ದಪ್ಪ ಗೆರೆಗಳ ಸಮೇತ. ಇನ್ನೊಂದರಲ್ಲಿ ಹೋಬಳಿಗಳ ಪಟ್ಟಿ; ಪ್ರತಿ ಹೋಬಳಿಯ ಎದುರಿಗೆ 1978ರಿಂದ ಯಾವ ಕ್ಷೇತ್ರದಲ್ಲಿತ್ತು, 2008ರಿಂದ ಯಾವುದರಲ್ಲಿದೆ ಎಂಬ ಎರಡು ಕಾಲಂಗಳು. ವಿಧಾನಸಭೆಗಳ ಸ್ಥಾನಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಸಂವಿಧಾನ ತಡೆಹಿಡಿದಿದೆ. ಅದು ಮುಗಿದ ಮೇಲೆ ಗಡಿಗಳು ಮತ್ತೆ ಕದಲುತ್ತವೆ. ಆ ಹಾಳೆಯಲ್ಲಿ ಮೂರನೆಯ ಕಾಲಂನ ಗೆರೆಯನ್ನು ಈಗಲೇ ಎಳೆದು ಖಾಲಿ ಬಿಟ್ಟಿದ್ದೇನೆ.