ನನ್ನ ಸೈಟೇಷನ್‌ಗಳನ್ನು ಒಂದೊಂದಾಗಿ ಓದಿದ ಮೇಲೆ

ಬಡ್ತಿಗೆ ಅರ್ಜಿ ಹಾಕುವ ಹೊತ್ತಿಗೆ ನಾನು ರಾಗಿಯ ಜೀನೋಮ್ (ಇಡೀ ಡಿಎನ್‌ಎ) ಕೆಲಸಕ್ಕೆ ಕೈಹಾಕಿ ಹದಿನಾಲ್ಕು ವರ್ಷವಾಗಿತ್ತು. ಅರ್ಜಿಯಲ್ಲಿ ಎರಡು ಖಾನೆ: ಒಟ್ಟು ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ನನ್ನ ಪೇಪರ್‌ಗಳ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ತುಂಬಲು ಕೂತರೆ ಲೆಕ್ಕ ತಾಳೆಯಾಗಲಿಲ್ಲ. ಸೈಟೇಷನ್ ಎಣಿಸುವ ಎರಡು ತಾಣಗಳಲ್ಲಿ ಗೂಗಲ್ ಸ್ಕಾಲರ್ ಒಂದು ಸಂಖ್ಯೆ ತೋರಿಸಿತು, ಸ್ಕೋಪಸ್ ಅದಕ್ಕಿಂತ ಬಹಳ ಕಡಿಮೆ. ಸ್ಕೋಪಸ್ ತಾನು ಆರಿಸಿಕೊಂಡ ಪತ್ರಿಕೆಗಳನ್ನಷ್ಟೇ ಎಣಿಸುತ್ತದೆ, ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್‌ಗಳನ್ನೂ (ಪತ್ರಿಕೆಯಲ್ಲಿ ಬರುವ ಮುಂಚೆಯೇ ಹೊರಬಿಟ್ಟ ಪೇಪರ್) ಸೇರಿಸಿಕೊಳ್ಳುತ್ತದೆ. ಆದರೆ ಅಷ್ಟು ದೊಡ್ಡ ಅಂತರ ಬರೀ ಅದರಿಂದ ಬಂದದ್ದಲ್ಲ.

ಬಂದದ್ದು ಹೆಸರಿನಿಂದ. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಮೊದಲ ಪೇಪರಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಮುಂದಿನದರಲ್ಲಿ ಹಿಂದೆ. ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಅಪ್ಪನ ಹೆಸರೇ ನನ್ನ ಸರ್‌ನೇಮ್. ಡೇಟಾಬೇಸಿನ ಪಾಲಿಗೆ ನಾನು ಮೂರು ಜನ. ಸಂಶೋಧಕರಿಗೆ ಓರ್ಕಿಡ್ (ORCID) ಸಂಸ್ಥೆ ಕೊಡುವ 16 ಅಂಕಿಯ ಗುರುತಿನ ಸಂಖ್ಯೆ 2012ರಿಂದಲೇ ಸಿಗುತ್ತಿತ್ತು, ಪುಕ್ಕಟೆ. ನಾನು ತೆಗೆದುಕೊಂಡದ್ದು ಬಹಳ ತಡವಾಗಿ. ಮೂವರನ್ನು ಒಬ್ಬರನ್ನಾಗಿ ಮಾಡಲು ಹಿಡಿದದ್ದು ಎರಡು ತಿಂಗಳು. ಈಗ ನನ್ನ ವಿದ್ಯಾರ್ಥಿಗಳು ಮೊದಲ ಪೇಪರ್ ಕಳಿಸುವ ಮುಂಚೆ ಆ ಸಂಖ್ಯೆ ಪಡೆದೇ ತೀರಬೇಕು.

ಎಚ್-ಇಂಡೆಕ್ಸ್ ಎಂದರೆ ಭೌತವಿಜ್ಞಾನಿ ಹೊರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಅಳತೆ. ನನ್ನದು 11 ಬಂತು: ತಲಾ ಕನಿಷ್ಠ 11 ಸಲ ಉಲ್ಲೇಖವಾದ 11 ಪೇಪರ್. ಅರ್ಜಿ ಹೋಯಿತು. ಆಮೇಲೆ, ಯಾರೂ ಕೇಳದಿದ್ದರೂ, ನನ್ನನ್ನು ಉಲ್ಲೇಖಿಸಿದ ಪೇಪರ್‌ಗಳನ್ನೆಲ್ಲ ತೆರೆದು, ನನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ನೋಡತೊಡಗಿದೆ.

ಹೆಚ್ಚಿನವು ಪೀಠಿಕೆಯ ಸಾಲುಗಳೇ. ‘ರಾಗಿ ಬರವನ್ನು ತಾಳಿಕೊಳ್ಳುವ, ಕ್ಯಾಲ್ಸಿಯಂ ಹೇರಳವಾಗಿರುವ ಧಾನ್ಯ’ ಎಂದು ಬರೆದು, ಪಕ್ಕದ ಆವರಣದಲ್ಲಿ ಆರೇಳು ಹೆಸರಿನ ನಡುವೆ ನಮ್ಮದು. ನಾವು ಕಂಡುಹಿಡಿದದ್ದು ಅದಲ್ಲ. ಮೂರು ವರ್ಷ ತಿಣುಕಿ ಬರೆದ ಪೇಪರಿನ ನಿಜವಾದ ಫಲಿತಾಂಶವನ್ನು ಬಳಸಿದವರು ಬೆರಳೆಣಿಕೆಯಷ್ಟು. ಅದನ್ನು ಓದುತ್ತಾ ಮನಸ್ಸು ಭಾರವಾಯಿತು.

ನಿಜಕ್ಕೂ ಕೆಲಸಕ್ಕೆ ಬಂದದ್ದು ಇನ್ನೊಂದು ಪೇಪರಿಗೆ ಲಗತ್ತಿಸಿದ್ದ ಮಾರ್ಕರ್ ಪಟ್ಟಿ, ಅಂದರೆ ತಳಿ ತಳಿಗೂ ಬೇರೆಯಾಗುವ ಡಿಎನ್‌ಎ ಜಾಗಗಳ ಪಟ್ಟಿ. ಅದರ ಹಿಂದಿನ ಕಷ್ಟ ಹೇಳಬೇಕು. ರಾಗಿಯಲ್ಲಿ 36 ಕ್ರೋಮೋಸೋಮ್, ಎ ಮತ್ತು ಬಿ ಎಂಬ ಎರಡು ಉಪಜೀನೋಮ್ (ಎರಡು ಪೂರ್ವಜ ಗಿಡಗಳಿಂದ ಬಂದ ಡಿಎನ್‌ಎ ಕಂತೆಗಳು), ಒಂದನ್ನೊಂದು ಬಹಳ ಹೋಲುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ತಳಿಯ ಕರಡು ಜೀನೋಮ್ ಪ್ರಕಟಿಸಿದ್ದು 2017ರಲ್ಲಿ. ಅದಕ್ಕೆ ಮುಂಚೆ, ಓದಿದ ಡಿಎನ್‌ಎ ತುಣುಕುಗಳನ್ನು ಕೂರಿಸಲು ನಮಗೆ ಸರಿಯಾದ ಚೌಕಟ್ಟೇ ಇರಲಿಲ್ಲ. ಚೌಕಟ್ಟು ಸಿಕ್ಕ ಮೇಲೂ ಎ ಕಡೆಯ ತುಣುಕು ಬಿ ಜಾಗದಲ್ಲಿ ಹೋಗಿ ಕೂರುತ್ತಿತ್ತು. ಪರದೆಯ ಮೇಲೆ ಒಂದೇ ಜಾಗದಲ್ಲಿ ಅರ್ಧ ತುಣುಕುಗಳಲ್ಲಿ ಡಿಎನ್‌ಎಯ ‘ಎ’ ಅಕ್ಷರ (ಉಪಜೀನೋಮಿನ ಎ ಅಲ್ಲ), ಅರ್ಧದಲ್ಲಿ ‘ಜಿ’. ಒಂದು ಗಿಡದಲ್ಲಲ್ಲ, ಎಲ್ಲ ಗಿಡಗಳಲ್ಲೂ. ರಾಗಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆ. ತಲೆಮಾರುಗಳಿಂದ ಶುದ್ಧವಾಗಿ ಬಂದ ತಳಿಗಳೆಲ್ಲ ಒಂದೇ ಜಾಗದಲ್ಲಿ ಎರಡೆರಡು ಅಕ್ಷರ ತೋರಿಸಿದರೆ ಅದು ತಳಿಗಳ ವ್ಯತ್ಯಾಸವಲ್ಲ, ಉಪಜೀನೋಮ್‌ಗಳ ಕಲಬೆರಕೆ. ಅಂಥ ಜಾಗಗಳನ್ನೆಲ್ಲ ಕಿತ್ತುಹಾಕಿದೆವು. ಉಳಿದ ಪ್ರತಿ ಮಾರ್ಕರಿಗೂ ಅಕ್ಕಪಕ್ಕದ ಅನುಕ್ರಮ, ಪ್ರೈಮರ್ (ಆ ಜಾಗವನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಂಡು), ಎಷ್ಟು ಡಿಗ್ರಿಯಲ್ಲಿ ಪಿಸಿಆರ್ (ಆ ಜಾಗದ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಆಯಿತು, ಬೀಜ ಎಲ್ಲಿಯದು, ಯಾವುದು ಕೈಕೊಟ್ಟಿತು, ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದೆವು. ಯಂತ್ರ ಓದಿದ ಮೂಲ ಡಿಎನ್‌ಎ ದತ್ತಾಂಶವನ್ನು ಎನ್‌ಸಿಬಿಐ ಎಂಬ ಸಾರ್ವಜನಿಕ ಡೇಟಾಬೇಸಿಗೆ ಹಾಕಿದೆವು. ಬೇರೆ ಲ್ಯಾಬಿನವರು ‘ವಿಧಾನಗಳು’ ಭಾಗದಲ್ಲಿ ನಮ್ಮನ್ನು ಹೆಸರಿಸಿದ್ದು ಈ ಹಾಳೆಗಾಗಿ.

ಇಂಥ ಹೊತ್ತಿನಲ್ಲಿ ಲಕ್ಷ್ಮಣಯ್ಯನವರು ನೆನಪಾಗುತ್ತಾರೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು. ಆ ಕೆಲಸದ ಅಳತೆ ಹೊಲದಲ್ಲಿತ್ತು, ಯಾವ ಎಚ್-ಇಂಡೆಕ್ಸಿನಲ್ಲೂ ಅಲ್ಲ.

ಹಾಗೆ ಓದುವಾಗಲೇ ಒಂದು ಪೇಪರಿನ ಅಡಿಟಿಪ್ಪಣಿಯಲ್ಲಿ ಕಂಡಿತು: ನಮ್ಮ ಪಟ್ಟಿಯ ಒಂದು ಪ್ರೈಮರ್ ಅವರಿಗೆ ಕೆಲಸ ಮಾಡಲಿಲ್ಲವಂತೆ. ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಹಾಳೆಗೆ ಇಳಿಸುವಾಗ ಕೊನೆಯ ಎರಡು ಅಕ್ಷರ ಬಿಟ್ಟುಹೋಗಿತ್ತು. ಆ ಲೇಖಕಿಗೆ ಅವತ್ತೇ ಪತ್ರ ಬರೆದೆ, ಪತ್ರಿಕೆಗೂ ತಿದ್ದುಪಡಿ ಕಳಿಸಿದೆ. ಉಳಿದ ಸಾಲುಗಳನ್ನು ಈಗ ವಿದ್ಯಾರ್ಥಿಯೊಬ್ಬಳೂ ನಾನೂ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು, ಒಬ್ಬರು ಓದಿ ಇನ್ನೊಬ್ಬರು ಗುರುತು ಹಾಕುತ್ತಾ, ತಾಳೆ ನೋಡುತ್ತಿದ್ದೇವೆ. ಅರ್ಧ ಮುಗಿದಿದೆ.