ಹಲಸಿನ ಕುತ್ತಿ ತೆಗೆಸಿದ ಖರ್ಚು: ನನ್ನ ಅನುಭವ

ಮರ ಕಡಿಯುವವರು ದರ ಹೇಳುವಾಗ ಒಂದು ವಿಷಯ ಬಾಯಿ ಬಿಡುವುದಿಲ್ಲ. ಆ ದರ ನೆಲದಿಂದ ಮೇಲಿನದ್ದಕ್ಕೆ ಮಾತ್ರ. ಚೈನ್ ಸಾ ಮಣ್ಣಿಗೆ ತಾಗಿದರೆ ಚೈನ್ ಮೊಂಡಾಗುತ್ತದೆ, ಹಾಗಾಗಿ ಒಂದಡಿ ಒಂದೂವರೆ ಅಡಿ ಬಿಟ್ಟೇ ಕೊಯ್ಯುತ್ತಾರೆ. ದಿಮ್ಮಿ ಲಾರಿ ಹತ್ತಿ ಹೋಗುತ್ತದೆ, ಗೆಲ್ಲು ಸೌದೆಯಾಗುತ್ತದೆ, ಕುತ್ತಿ, ಅಂದರೆ ನೆಲದಲ್ಲಿ ಉಳಿದ ಬುಡ, ನಮ್ಮ ಪಾಲಿಗೆ ಉಳಿಯುತ್ತದೆ.

ನಮ್ಮ ಮನೆ ಉಡುಪಿ ಹತ್ತಿರದ ಪರ್ಕಳದಲ್ಲಿ. ಅಂಗಳದ ಬದಿಗೆ ಒಂದು ಹಲಸಿನ ಕುತ್ತಿ, ಗೇಟಿನ ಹತ್ತಿರ ಒಂದು ಅಕೇಶಿಯಾ, ಹಿತ್ತಲಲ್ಲಿ ಎರಡು ತೆಂಗಿನದ್ದು. ವರ್ಷಗಟ್ಟಲೆ ಯಾರಿಗೂ ತೊಂದರೆ ಇರಲಿಲ್ಲ, ಹಲಸಿನದ್ದರ ಮೇಲೆ ಹಪ್ಪಳ ಒಣಗಿಸಿದ್ದೂ ಉಂಟು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವ ಮಾತು ಬಂದಾಗ ಮಾತ್ರ ಕೆಲಸದವನು ಸುಮ್ನೆ ಒಂದು ಸುತ್ತು ನೋಡಿ, ಇದು ಹೋಗದೆ ನಾನು ಇಂಟರ್‌ಲಾಕ್ ಹಾಸುವುದಿಲ್ಲ, ಮುಚ್ಚಿ ಹಾಸಿದರೆ ಕೊಳೆತ ಮೇಲೆ ಕುಸಿಯುತ್ತದೆ, ಆಮೇಲೆ ನನಗೆ ಫೋನ್ ಮಾಡಬೇಡಿ ಅಂದ. ಅವನು ಹೇಳಿದ್ದು ಸರಿಯೇ.

ಮೊದಲು ಎಲ್ಲರೂ ಹೇಳುವುದು ಜೆಸಿಬಿ. ಗಂಟೆಗೆ 1,300 ರೂಪಾಯಿ, ಕನಿಷ್ಠ ಎರಡು ಗಂಟೆ, ಅಂದರೆ 2,600. ಕೇಳುವಾಗ ಇಷ್ಟೇನಾ ಅನ್ನಿಸುತ್ತದೆ. ಆದರೆ ನಮ್ಮ ಓಣಿಯಲ್ಲಿ ಜೆಸಿಬಿ ಬರುತ್ತದೆ, ಗೇಟಿಗೆ ತಿರುಗುವುದಿಲ್ಲ. ಒಂದು ಕಂಬ ಕೆಡವಬೇಕು. ಅದನ್ನು ಮತ್ತೆ ಕೆಂಪುಕಲ್ಲಿನಲ್ಲಿ ಕಟ್ಟಿ, ಗಿಲಾಯಿ ಮಾಡಿ, ಗೇಟು ಕೂರಿಸಿ ಕೊಡಲು ಮೇಸ್ತ್ರಿ ಕೇಳಿದ್ದು 9,000. ಇನ್ನು ಜೆಸಿಬಿ ಬೊಡ್ಡೆಯನ್ನು ಮಾತ್ರ ಕೀಳುವುದಿಲ್ಲ, ಬೇರಿನ ಜೊತೆ ಅರ್ಧ ಅಂಗಳವನ್ನೇ ಎತ್ತುತ್ತದೆ. ಆ ಹೊಂಡ ತುಂಬಲು ಎರಡು ಲೋಡ್ ಮಣ್ಣು, ಲೋಡಿಗೆ 3,000. ಕೂಡಿಸಿ ನೋಡಿ, 17,600 ಆಯಿತು. ಅದೂ ಕಂಪೌಂಡ್ ಗೋಡೆ ಬಿರುಕು ಬಿಡದಿದ್ದರೆ. ಹಲಸಿನ ಬೇರು ಗೋಡೆಯ ಪಂಚಾಂಗದ ಅಡಿಗೇ ಹೋಗಿತ್ತು. ಅದನ್ನು ಎಳೆದರೆ ಗೋಡೆ ಸುಮ್ಮನಿರುತ್ತದಾ?

ಜಾಗ ದೊಡ್ಡದು, ಪಕ್ಕದಲ್ಲಿ ಗೋಡೆ ಇಲ್ಲ, ಪೈಪ್ ಇಲ್ಲ ಅಂತಾದರೆ ಜೆಸಿಬಿಯೇ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಹಾಗೆ ತೆಗೆಸುವ ಯೋಚನೆ ಇದ್ದರೆ ಮರ ಕಡಿಸುವಾಗಲೇ ಮೂರು ನಾಲ್ಕು ಅಡಿ ಎತ್ತರಕ್ಕೆ ಬಿಡಿಸಿ. ಬಕೆಟಿಗೆ ತಳ್ಳಲು ಹಿಡಿತ ಸಿಗುತ್ತದೆ. ಗ್ರೈಂಡರ್, ಅಂದರೆ ಕುತ್ತಿಯನ್ನು ಪುಡಿ ಮಾಡುವ ಮೆಷಿನ್, ತರಿಸುವುದಾದರೆ ಉಲ್ಟಾ, ಎಷ್ಟು ತಗ್ಗಿಸಿ ಕೊಯ್ಯಲು ಆಗುತ್ತದೋ ಅಷ್ಟು ಒಳ್ಳೆಯದು.

ಕೈಯಲ್ಲಿ ಅಗೆಸುವ ಲೆಕ್ಕವನ್ನೂ ಕೇಳಿದೆ. ಪಿಕ್ಕಾಸು, ಕೊಡಲಿ ಹಿಡಿದು ಇಬ್ಬರು ಬರುತ್ತಾರೆ, ಹಲಸು ಒಂದಕ್ಕೇ ಗುತ್ತಿಗೆ 10,000, ಊಟ ಚಾ ನಮ್ಮದು. ಒಣಗಿದ ಹಲಸಿನ ಬೇರು ಕಡಿದವರಿಗೇ ಗೊತ್ತು, ಅದು ಜಾಸ್ತಿ ಅಂತ ನಾನು ಹೇಳುವುದಿಲ್ಲ. ಇನ್ನು ಬೆಂಕಿ ಹಾಕಿ ಅಂದವರಿದ್ದಾರೆ. ಗೋಡೆಯ ಬುಡದಲ್ಲಿ ಬೆಂಕಿ ಹಾಕಿದರೆ ಬೇರಿನೊಳಗೆ ದಿನಗಟ್ಟಲೆ ಹೊಗೆಯಾಡುತ್ತಾ ಕೂತಿರುತ್ತದೆ, ಎಲ್ಲಿ ಹೋಗಿ ಏಳುತ್ತದೋ ಗೊತ್ತಾಗುವುದಿಲ್ಲ. ಉಪ್ಪು ತುಂಬಿಸಿ ಅಂದವರೂ ಇದ್ದಾರೆ. ಬಾವಿ ಹತ್ತಿರ ಇರುವಾಗ ಅದು ಬೇಡವೇ ಬೇಡ.

ಕೊನೆಗೆ ಗ್ರೈಂಡರ್. ಮೆಷಿನ್ ಮಂಗಳೂರಿನಿಂದ ಪಿಕಪ್‌ನಲ್ಲಿ ಬರಬೇಕು, ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ಹೋಗಿ ಬರುವ ಬಾಡಿಗೆ 2,500, ಒಂದು ಕುತ್ತಿ ಇರಲಿ ಹತ್ತಿರಲಿ. ಕೆಲಸದ ದರ ಇಂಚಿಗೆ 120 ರೂಪಾಯಿ.

ಈ ಇಂಚಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಫೋನಿನಲ್ಲಿ ಎಷ್ಟು ದಪ್ಪ ಅಂತ ಕೇಳಿದಾಗ ಯಾರೇ ಆದರೂ ಮೇಲೆ ಕೊಯ್ದ ಜಾಗವನ್ನು ಅಳೆದು ಹೇಳುತ್ತಾರೆ. ನಮ್ಮ ಹಲಸು ಅಲ್ಲಿ 24 ಇಂಚು. ಆದರೆ ಮೆಷಿನ್‌ನ ಹಲ್ಲು ತಿರುಗುವುದು ನೆಲದ ಮಟ್ಟದಲ್ಲಿ, ಅಲ್ಲಿ ಬುಡ ಬೇರಿನ ಕಡೆಗೆ ಅಗಲವಾಗಿರುತ್ತದೆ. ಅಲ್ಲಿ ಟೇಪ್ ಹಿಡಿದರೆ 32. ಎಂಟಿಂಚಿಗೆ 960 ರೂಪಾಯಿ ವ್ಯತ್ಯಾಸ. ನಾನು ಮೊದಲೇ ಬುಡದ ಅಳತೆ, ಗೇಟಿನ ಅಗಲ, ಗೋಡೆಗೆ ಎಷ್ಟು ದೂರ, ಎಲ್ಲದರ ಫೋಟೋ ಕಳಿಸಿ ದರ ಬರೆಸಿಕೊಂಡೆ. ಬಂದ ಮೇಲೆ ಮಾತು ಬದಲಾಗಲಿಲ್ಲ. ಎಷ್ಟು ಆಳ ಅಂತಲೂ ಬರೆಸಿಕೊಳ್ಳಬೇಕು. ಹುಲ್ಲು, ಹೂಗಿಡ ಹಾಕುವುದಾದರೆ ಎಂಟಿಂಚು ಸಾಕು. ಇಂಟರ್‌ಲಾಕ್ ಹಾಸುವುದಾದರೆ ಒಂದಡಿಯಾದರೂ ಬೇಕು. ಬೇರುಗಳು ಹೇಗೂ ಒಳಗೇ ಉಳಿಯುತ್ತವೆ, ಗ್ರೈಂಡರ್ ಅಂದರೆ ಬುಡದ ನಡುಭಾಗಕ್ಕೆ ಮಾತ್ರ.

ಎರಡನೇ ತಕರಾರು ಹಲ್ಲಿನದ್ದು. ಮೆಷಿನ್‌ನ ಚಕ್ರಕ್ಕೆ ಸುತ್ತಲೂ ಕಾರ್ಬೈಡ್ ಹಲ್ಲುಗಳಿರುತ್ತವೆ. ಮರಕ್ಕೆ ಅವು ಗಟ್ಟಿ, ಕಲ್ಲು ಸಿಕ್ಕಿದರೆ ಮಾತ್ರ ಮುರಿಯುತ್ತವೆ. ನಮ್ಮ ಕಡೆ ಕಲ್ಲಿಲ್ಲದ ಮಣ್ಣು ಎಲ್ಲಿದೆ ಹೇಳಿ? ಕಲ್ಲಿಗೆ ಹೋದ ಹಲ್ಲು ನಿಮ್ಮ ಲೆಕ್ಕ, ಒಂದಕ್ಕೆ 450 ಅಂತ ಅವರು. ಬುಡದ ಸುತ್ತ ನಾವೇ ಅಗೆದು ಕಲ್ಲು ಹೆಕ್ಕಿ ಕೊಡುತ್ತೇವೆ, ಆಮೇಲೂ ಒಳಗೆ ಸಿಕ್ಕಿದರೆ ಅರ್ಧರ್ಧ ಅಂತ ನಾನು. ಹಾಗೆಯೇ ತೀರ್ಮಾನವಾಯಿತು. ಹಿಂದಿನ ದಿನ ಒಬ್ಬರನ್ನು ಹಿಡಿದು ಸುತ್ತ ಒಂದಡಿ ಅಗೆಸಿದೆ. ಬಾವಿಯಿಂದ ಟ್ಯಾಂಕಿಗೆ ಹೋಗುವ ಪೈಪ್ ಬೇರಿಗೆ ಒರಗಿಕೊಂಡೇ ಹೋಗಿತ್ತು. ಅದನ್ನು ಬಿಡಿಸಿ ಬದಿಗೆ ಸರಿಸಿದ್ದರಿಂದ ದೊಡ್ಡ ರಗಳೆ ತಪ್ಪಿತು.

ಮೆಷಿನ್ ನೋಡಲು ಸಣ್ಣದು, ಪೆಟ್ರೋಲ್ ಇಂಜಿನ್, ಕೈಯಲ್ಲೇ ತಳ್ಳಿಕೊಂಡು ಗೇಟಿನ ಒಂದೇ ರೆಕ್ಕೆಯಿಂದ ಒಳಗೆ ಬಂತು. ಮೊದಲು ಕಿಟಕಿಗಳಿಗೆ ಅಡ್ಡವಾಗಿ ಪ್ಲೈವುಡ್, ಹಳೆಯ ಫ್ಲೆಕ್ಸ್ ಕಟ್ಟಿಸಿದರು, ಏಕೆಂದರೆ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಚಕ್ರವನ್ನು ಬುಡದ ಅಂಚಿಗೆ ಇಳಿಸಿ ಎಡಕ್ಕೆ ಬಲಕ್ಕೆ ಆಡಿಸುತ್ತಾ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುವುದು, ಮತ್ತೆ ಹಿಂದೆ ಬಂದು ಇನ್ನಷ್ಟು ಇಳಿಸುವುದು, ಹೆಚ್ಚು ಕಡಿಮೆ ತೆಂಗಿನಕಾಯಿ ತುರಿದ ಹಾಗೆಯೇ. ಮೇಲಿನ ಕಪ್ಪು ಸಿಪ್ಪೆ ಹೋದ ಕೂಡಲೇ ಒಳಗಿನ ಹಳದಿ ಬಂತು. ಅಷ್ಟು ವರ್ಷ ಮಳೆಗೆ ನೆನೆದು ಬಿಸಿಲಿಗೆ ಒಣಗಿದರೂ ಹಲಸಿನ ಕೆಚ್ಚು ಒಂದಿಷ್ಟೂ ಕೊಳೆತಿರಲಿಲ್ಲ, ಒರಲೆಯೂ ಮುಟ್ಟಿರಲಿಲ್ಲ. ಸುಮ್ಮನೆ ಬಿಟ್ಟರೆ ತಾನಾಗಿ ಹೋಗುತ್ತದೆ ಅನ್ನುವ ಮಾತು ಹಲಸಿಗೆ ಹೊಂದುವುದಿಲ್ಲ. ಅಂಗಳ ಪೂರ್ತಿ ಅರಿಶಿನ ಬಣ್ಣದ ಪುಡಿ, ಒಗೆದು ಹಾಕಿದ ಬಟ್ಟೆ ಒಳಗೆ ತರದವರಿಗೆ ಬೈಗುಳ.

ಅರ್ಧ ಇಳಿದಾಗ ಕಟಕಟ ಸದ್ದು. ಬಗ್ಗಿ ನೋಡಿದರೆ ಒಂದು ಇಡೀ ಕೆಂಪುಕಲ್ಲು, ಕೊಡಲಿಯಲ್ಲಿ ಕೆತ್ತಿದ ಗುರುತೂ ಹಾಗೇ ಇದೆ. ಹಳೆಯ ಕಾಲದಲ್ಲಿ ಮರಕ್ಕೆ ಕಟ್ಟೆ ಕಟ್ಟಿದ್ದರಂತೆ, ಬುಡ ದಪ್ಪವಾಗುತ್ತಾ ಕಲ್ಲನ್ನೇ ಒಳಗೆ ಹಾಕಿಕೊಂಡಿದೆ. ಹೊರಗಿನಿಂದ ಎಷ್ಟು ಅಗೆದರೂ ಅದು ಕಾಣುತ್ತಿರಲಿಲ್ಲ. ಉಳಿ ಹಾಕಿ ಅದನ್ನು ಒಡೆದು ತೆಗೆದರು. ನಾಲ್ಕು ಹಲ್ಲು ಹೋಗಿತ್ತು, ಎರಡರ ದುಡ್ಡು ನಾನು ಕೊಟ್ಟೆ.

ಲೆಕ್ಕ ಹೀಗೆ ಬಂತು. ಹಲಸು 32 ಇಂಚಿಗೆ 3,840. ಅಕೇಶಿಯಾ 14 ಇಂಚು, 1,680, ಅದು ಚಾ ಕುಡಿದು ಬರುವುದರೊಳಗೆ ಮುಗಿದೇ ಹೋಯಿತು. ಸಾಗಾಟ 2,500, ಹಲ್ಲಿಗೆ 900, ಅಗೆದವರ ಸಂಬಳ 1,100, ಹೊಂಡಕ್ಕೆ ಒಂದು ಪಿಕಪ್ ಕೆಂಪುಮಣ್ಣು 1,500. ಒಟ್ಟು 11,520. ನೋಡಿ, ಮೆಷಿನ್ ಓಡಿದ್ದಕ್ಕೆ ಕೊಟ್ಟದ್ದು 5,520 ಮಾತ್ರ, ಉಳಿದ ಅರ್ಧಕ್ಕಿಂತ ಜಾಸ್ತಿ ಸುತ್ತಮುತ್ತಲಿನದ್ದು. ಯಾರಾದರೂ ಇಂಚಿನ ದರ ಹೇಳಿದರೆ ಅದನ್ನು ಎರಡರಿಂದ ಗುಣಿಸಿ ದುಡ್ಡು ಇಟ್ಟುಕೊಳ್ಳಿ. ಪಕ್ಕದ ಮನೆಯವರು ಸದ್ದು ಕೇಳಿ ಬಂದು, ನಮ್ಮಲ್ಲೂ ಒಂದು ಮಾವಿನದ್ದು ಇತ್ತಲ್ಲ ಮಾರಾಯ್ರೆ ಅಂದರು, ಆದರೆ ಅಷ್ಟರಲ್ಲಿ ಪಿಕಪ್ ಮಣಿಪಾಲ ದಾಟಿತ್ತು. ಒಂದೇ ದಿನ ಮಾಡಿಸಿದ್ದರೆ ಇಬ್ಬರಿಗೂ 1,250 ಉಳಿಯುತ್ತಿತ್ತು. ನೀವು ಮಾಡಿಸುವಾಗ ಓಣಿಯವರಿಗೆ ಮೊದಲೇ ಹೇಳಿಬಿಡಿ.

ಮಾಡಿಸಿದ್ದು ಡಿಸೆಂಬರಿನಲ್ಲಿ. ಮಳೆಗಾಲದಲ್ಲಿ ಮೆಷಿನ್‌ನ ಚಕ್ರ ಹೂತುಹೋಗುತ್ತದೆ, ಏಪ್ರಿಲ್ ಆದರೆ ನೆಲ ಗಟ್ಟಿಯಾಗಿ ಅಗೆಯುವವರ ಸಂಬಳ ಎರಡು ದಿನಕ್ಕೆ ಏರುತ್ತದೆ.

ಪುಡಿಯ ವಿಷಯ ಒಂದಿದೆ. ಬುಡಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಮೆಷಿನ್‌ನವರು ಅದನ್ನೇ ಹೊಂಡಕ್ಕೆ ಎಳೆದು ತುಳಿದು ಹೋಗುತ್ತೇವೆ ಅನ್ನುತ್ತಾರೆ. ಮೇಲೆ ಏನೂ ಕಟ್ಟದಿದ್ದರೆ ಪರವಾಗಿಲ್ಲ. ಇಂಟರ್‌ಲಾಕ್ ಹಾಸುವುದಾದರೆ ಪೂರ್ತಿ ತೆಗೆದು ಮಣ್ಣು ತುಂಬಿಸಿ, ನೀರು ಬಿಟ್ಟು ದಮ್ಮಸ್ಸು ಮಾಡಿಸಲೇಬೇಕು. ತೆಗೆದ ಪುಡಿಯನ್ನು ತೋಟದ ಮಣ್ಣಿಗೆ ಕಲಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಅದೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ನಾವು ತೆಂಗಿನ ಮರಗಳ ಬುಡಕ್ಕೆ ಮಣ್ಣಿನ ಮೇಲಷ್ಟೇ ತೆಳ್ಳಗೆ ಹರಡಿದೆವು. ರಾಶಿ ಹಾಕಿ ಇಟ್ಟರೆ ಕುರುವಾಯಿ ದುಂಬಿ ಬಂದು ಮೊಟ್ಟೆ ಇಡುತ್ತದೆ, ಆಮೇಲೆ ಇರುವ ತೆಂಗಿನ ಸುಳಿಯೂ ಹೋಗುತ್ತದೆ.

ತೆಂಗಿನ ಎರಡು ಕುತ್ತಿಗೆ ಗ್ರೈಂಡರ್ ಮುಟ್ಟಿಸಲಿಲ್ಲ. ದುಡ್ಡು ಉಳಿಸಲು ಮಾತ್ರ ಅಲ್ಲ. ತೆಂಗಿಗೆ ತಾಯಿಬೇರು ಇಲ್ಲ, ಸುಳಿ ಹೋದ ಮೇಲೆ ಮತ್ತೆ ಚಿಗುರುವುದೂ ಇಲ್ಲ, ಹೊರಗಿನ ಸುತ್ತು ಗಟ್ಟಿ ಇದ್ದರೂ ಒಳಗೆ ನಾರು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಅದನ್ನು ಕೊಳೆಸಲು ಮೆಷಿನ್ ಯಾಕೆ? ದೊಡ್ಡ ಬಿಟ್ ಹಾಕಿ ಡ್ರಿಲ್ಲಿನಲ್ಲಿ ಹತ್ತಿಂಚು ಆಳಕ್ಕೆ ತೂತು ಕೊರೆದು ಯೂರಿಯಾ ತುಂಬಿ, ನೀರು ಹಾಕಿ, ಮಣ್ಣು ಮುಚ್ಚಿದ್ದೇವೆ. ಸಾರಜನಕ ಸಿಕ್ಕಿದರೆ ಕೊಳೆಸುವ ಶಿಲೀಂಧ್ರಕ್ಕೆ ಚುರುಕು. 45 ಕೆಜಿ ಚೀಲ 266 ರೂಪಾಯಿ ಚಿಲ್ಲರೆ, ನಮಗೆ ಬೇಕಾದದ್ದು ಬರೀ ಎರಡು ಮೂರು ಕೆಜಿ, ಉಳಿದದ್ದು ಪಕ್ಕದ ಗದ್ದೆಯವರಿಗೆ ಹೋಯಿತು. ಆದರೆ ಕೊಳೆಯುವ ತೆಂಗಿನ ಬುಡವೇ ಆ ದುಂಬಿಗೆ ಮೊದಲ ಮನೆ. ಅದರ ಮರಿಯಾದ ಗೊಣ್ಣೆ ಹುಳವನ್ನು ಕೊಲ್ಲಲು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಶಿಫಾರಸು ಮಾಡುವ ಮೆಟಾರೈಝಿಯಂ ಶಿಲೀಂಧ್ರ ಸಿಗುತ್ತದೆ, ಹುಳ ಜಾಸ್ತಿ ಕಂಡರೆ ಅದನ್ನು ಹಾಕುವ ಅಂದಾಜಿದೆ. ಸದ್ಯಕ್ಕೆ ವಾರಕ್ಕೊಮ್ಮೆ ಕೋಲಿನಲ್ಲಿ ಕೆದಕಿ ನೋಡುತ್ತೇವೆ, ಒಂದೆರಡು ಸಿಕ್ಕಿದ್ದು ಕೋಳಿಗೆ ಹೋಯಿತು.

ಇಂಟರ್‌ಲಾಕಿನವನು ಬಂದು ಹೊಂಡದ ಜಾಗ ತುಳಿದು ನೋಡಿ, ಒಂದು ಮಳೆಗಾಲ ಕಳೆಯಲಿ, ಮಣ್ಣು ಕೂತ ಮೇಲೆ ಹಾಸುವ ಅಂದಿದ್ದಾನೆ. ಅವನ ದರ ಅಷ್ಟರಲ್ಲಿ ಏರದಿದ್ದರೆ ಸಾಕು.